ಹೆಬ್ಬೆರಳು ಕೇಳದ ಗುರುಗಳು

ಏಕಲವ್ಯನ ಹೆಸರು ಬಂದ ಕೂಡಲೇ ನಮ್ಮ ವಿಮರ್ಶೆ ದ್ರೋಣನನ್ನು ಬೈಯಲು ಶುರುಮಾಡುತ್ತದೆ. ಬೈಯುವುದು ತಪ್ಪಲ್ಲ. ಕುವೆಂಪು ತಮ್ಮ ನಾಟಕಕ್ಕೆ ‘ಬೆರಳ್‌ಗೆ ಕೊರಳ್’ ಎಂದು ಹೆಸರಿಟ್ಟಾಗಲೇ ಆ ಲೆಕ್ಕ ಚುಕ್ತಾ ಮಾಡಿದ್ದಾರೆ. ಆದರೆ ಇನ್ನೊಂದು ಪ್ರಶ್ನೆ ಹಾಗೇ ಉಳಿದಿದೆ. ಮಣ್ಣಿನ ಮೂರ್ತಿ ಮಾಡಿದವನು ಏಕಲವ್ಯ, ಹಗಲೂರಾತ್ರಿ ಬಾಣ ಬಿಟ್ಟವನೂ ಅವನೇ. ಅಂದಮೇಲೆ ಋಣ ದ್ರೋಣನದು ಹೇಗಾಯಿತು?

ದಲಿತರ ಆತ್ಮಕಥನಗಳನ್ನು ಓದುವಾಗ ಈ ತಪ್ಪು ಲೆಕ್ಕ ಈಗಲೂ ನಡೆದಿದೆ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದಂಥ (1994) ಕೃತಿ ಶಾಲೆಯ ಅವಮಾನಗಳನ್ನು ಎದುರಿಗಿಟ್ಟರೂ, ಓದುಗ ಮೊದಲು ಹುಡುಕುವುದು ಕೈಹಿಡಿದ ಮೇಲುಜಾತಿಯ ಮಾಸ್ತರನನ್ನು. “ಅವರು ಇಲ್ಲದಿದ್ರ ನೀ ಎಲ್ಲಿರತಿದ್ದಿ ತಮ್ಮಾ?” ಕಬ್ಬೂರಿನಲ್ಲಿ ನಾನೂ ಈ ಮಾತು ಕೇಳಿದವನು.

ಅಂಬೇಡ್ಕರರ ಬದುಕನ್ನೂ ನಾವು ಉಪಕಾರಿಗಳ ಪಟ್ಟಿಯ ಹಾಗೆ ಓದಿದ್ದೇವೆ. 1907ರಲ್ಲಿ ಮೆಟ್ರಿಕ್ ಪಾಸಾದ ಹುಡುಗನಿಗೆ ಕೇಳುಸ್ಕರ್ ಗುರುಗಳು ತಾವೇ ಬರೆದ ಬುದ್ಧನ ಚರಿತ್ರೆ ಕೊಟ್ಟರು. 1913ರಲ್ಲಿ ಬರೋಡಾದ ಸಯಾಜಿರಾವ್ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ ಆತ ಅಮೆರಿಕಕ್ಕೆ ಹೋದ. ಎರಡೂ ದೊಡ್ಡ ಕೆಲಸಗಳೇ, ಆದರೆ ಒಂದೇ ಜಾತಿಯವಲ್ಲ. ಪುಸ್ತಕಕ್ಕೆ ಕರಾರು ಇರಲಿಲ್ಲ. ವೇತನಕ್ಕಿತ್ತು: ಓದಿ ಬಂದಮೇಲೆ ಬರೋಡಾದಲ್ಲಿ ಹತ್ತು ವರ್ಷ ನೌಕರಿ ಮಾಡಬೇಕು. 1917ರಲ್ಲಿ ಅಂಬೇಡ್ಕರರು ಆ ಮಾತಿನಂತೆ ಹೋದರು. ಕಚೇರಿಯ ಜವಾನರು ಫೈಲುಗಳನ್ನು ದೂರದಿಂದ ಎಸೆದರು. ಪಾರಸಿಗಳ ವಸತಿಗೃಹದಿಂದ ಹೊರದಬ್ಬಿಸಿಕೊಂಡು ಅವರು ಊರನ್ನೇ ಬಿಡಬೇಕಾಯಿತು. ನ್ಯೂಯಾರ್ಕಿಗೆ ಕಳಿಸಬಲ್ಲ ರಾಜನಿಗೆ ತನ್ನ ಊರಲ್ಲಿ ಒಂದು ಖೋಲಿ ಕೊಡಿಸಲಾಗಲಿಲ್ಲ. ಉಪಕಾರದ ಮಿತಿ ಇದು: ಅದು ಒಬ್ಬನನ್ನು ಮೇಲೆತ್ತುತ್ತದೆ, ಊರನ್ನು ಹಾಗೇ ಬಿಡುತ್ತದೆ.

ಇದರ ಪಕ್ಕದಲ್ಲಿ ನಮ್ಮ ಗಡಿಯಾಚೆಯ ಮಾಣಗಾಂವನ್ನು ಇಟ್ಟು ನೋಡಬೇಕು. 1920ರ ಮಾರ್ಚ್‌ನಲ್ಲಿ ಅಲ್ಲಿ ನಡೆದ ಅಸ್ಪೃಶ್ಯರ ಪರಿಷತ್ತಿಗೆ ಕೊಲ್ಲಾಪುರದ ಶಾಹೂ ಮಹಾರಾಜರು ಬಂದರು. ಅದೇ ವರ್ಷ ‘ಮೂಕನಾಯಕ’ ಪತ್ರಿಕೆಗೆ ಹಣ ಕೊಟ್ಟವರೂ ಅವರೇ. ಅವರು ನೆರೆದ ಜನಕ್ಕೆ, ನಿಮ್ಮ ನಾಯಕ ನಿಮಗೆ ಸಿಕ್ಕಿದ್ದಾನೆ ಎಂದು ಅಂಬೇಡ್ಕರರನ್ನು ತೋರಿಸಿದರು. ‘ನನ್ನ ಶಿಷ್ಯ’ ಎಂದು ತೋರಿಸಲಿಲ್ಲ, ‘ನಿಮ್ಮ ನಾಯಕ’ ಎಂದರು. 1922ರಲ್ಲಿ ಶಾಹೂ ತೀರಿಕೊಂಡರು. 1925ರಲ್ಲಿ ನಮ್ಮ ನಿಪ್ಪಾಣಿಯ ಪರಿಷತ್ತಿಗೆ ಬಂದ ಅಂಬೇಡ್ಕರರು ಯಾವ ರಾಜನ ನೆರಳಲ್ಲೂ ಬರಲಿಲ್ಲ.

ಇನ್ನು ಕೊಲಂಬಿಯಾದ ಜಾನ್ ಡ್ಯೂಯಿ. 1936ರ ‘ಜಾತಿ ವಿನಾಶ’ದಲ್ಲಿ ಅಂಬೇಡ್ಕರರು ಆತನನ್ನು ತನ್ನ ಗುರು ಎಂದು ನೆನೆದು ಋಣವನ್ನೂ ಒಪ್ಪಿಕೊಂಡಿದ್ದಾರೆ. ಆ ಋಣ ತೀರಿಸಿದ ಬಗೆ ಮಾತ್ರ ಬೇರೆ. ಗುರುವಿನ ಪ್ರಜಾಪ್ರಭುತ್ವದ ವಿಚಾರವನ್ನು ತಂದು, ಗುರು ಕಾಣದ ಜಾತಿಯ ಮೇಲೆ ಹಚ್ಚಿದರು. ಕಲಿತ ಬಿಲ್ವಿದ್ಯೆಯನ್ನು ತನ್ನ ಬೇಟೆಗೆ ಬಳಸುವುದೇ ದಕ್ಷಿಣೆ ಅಂತ ನನಗನಿಸುತ್ತದೆ.

ಕೊನೆಗೆ 1954ರಲ್ಲಿ ಅಂಬೇಡ್ಕರರು ತಮ್ಮ ಮೂವರು ಗುರುಗಳ ಹೆಸರು ಹೇಳಿದರು: ಬುದ್ಧ, ಕಬೀರ, ಫುಲೆ. ಮೂವರಲ್ಲಿ ಒಬ್ಬರನ್ನೂ ಅವರು ಕಣ್ಣಾರೆ ಕಂಡಿರಲಿಲ್ಲ. ಫುಲೆ ತೀರಿದ್ದು 1890ರಲ್ಲಿ, ಅಂಬೇಡ್ಕರರು ಹುಟ್ಟಿದ್ದು ಮರುವರ್ಷ. ಏಕಲವ್ಯನ ಹಾಗೆ ಅವರೂ ಎದುರಿಗಿಲ್ಲದ ಗುರುವಿನ ಮುಂದೆ ಕೂತು ಕಲಿತವರೇ. ಆದರೆ ಹೆಬ್ಬೆರಳು ಕೇಳುವವರನ್ನು ಆರಿಸಿಕೊಳ್ಳಲಿಲ್ಲ. ದಲಿತ ವಿಮರ್ಶೆ ದ್ರೋಣನನ್ನು ಬೈಯುವುದರ ಜೊತೆಗೆ ಈ ಆಯ್ಕೆಯನ್ನೂ ಓದಬೇಕು.

ಇದನ್ನು ಬರೆಯಲು ಒಂದು ಕಾರಣವಿದೆ. ಎಂ.ಎ. ಓದುವಾಗ ಒಬ್ಬ ಸರ್ ನನ್ನ ಲೇಖನವನ್ನು ಪ್ರೀತಿಯಿಂದಲೇ ತಿದ್ದಿಕೊಟ್ಟರು. ಸಾಲುಗಳು ಚಂದ ಆದವು, ಆದರೆ ನಮ್ಮವ್ವನ ಮಾತು ಹೋಯಿತು, ಸಿಟ್ಟೂ ಹೋಯಿತು. ನಾನು ಕೈಮುಗಿದು ಬಂದೆ. ಏನು ಕೊಟ್ಟು ಬಂದೆ ಅನ್ನುವುದು ಆಮೇಲೆ ತಿಳೀತು.

ಈಗ ನಾನೇ ಕುರ್ಚಿಯ ಮೇಲೆ ಕೂತಿದ್ದೇನೆ. ಮೊನ್ನೆ ನಮ್ಮ ಕೇರಿಯ ಹುಡುಗಿಯೊಬ್ಬಳು ತನ್ನ ಬರಹ ತಂದು, “ಸರ್, ತಪ್ಪಿದ್ರ ತಿದ್ರಿ” ಅಂದಳು. ಮೊದಲ ಸಾಲಿಗೇ ನನ್ನ ಕೆಂಪು ಪೆನ್ನು ಏಳಿತು. ಕಾಗುಣಿತದ ಎರಡು ತಪ್ಪು ತೋರಿಸಿ ಕೆಳಗಿಟ್ಟೆ. ಉಳಿದದ್ದನ್ನು ಆಕೆಯೇ ಗಟ್ಟಿಯಾಗಿ ಓದಿದಳು, ನಾನು ಕೇಳಿದೆ.