ಔಟ್‌ಲುಕ್‌ನೊಳಗೆ ಅಡಗಿದ ಸರ್ವರ್

ಮೈಕ್ರೋಸಾಫ್ಟ್ ಔಟ್‌ಲುಕ್‌ಗೆ ಜೋಡಿಸಿ ಕೊಟ್ಟ ಬಿಸಿನೆಸ್ ಕಾಂಟ್ಯಾಕ್ಟ್ ಮ್ಯಾನೇಜರ್ ಸಣ್ಣ ವ್ಯಾಪಾರಿಗಳಿಗೆಂದೇ ಮಾಡಿದ ತಂತ್ರಾಂಶ. ಗಿರಾಕಿಗಳ ವಿಳಾಸ, ಅವರೊಡನೆ ಆದ ಮಾತುಕತೆ ಎಲ್ಲವೂ ಇಮೇಲ್ ಪಕ್ಕದಲ್ಲೇ ಸಿಗಲಿ ಎಂಬ ಆಲೋಚನೆ ನಿಜಕ್ಕೂ ಚೆನ್ನಾಗಿತ್ತು. ಆದರೆ ಅದರ ಹೊಟ್ಟೆಯೊಳಗೆ ಒಂದು ಡೇಟಾಬೇಸ್ ಸರ್ವರ್ ಕೂತಿತ್ತು; 2007ರ ಆವೃತ್ತಿಯಲ್ಲಿ ಎಸ್‌ಕ್ಯೂಎಲ್ ಸರ್ವರ್ 2005 ಎಕ್ಸ್‌ಪ್ರೆಸ್. ಬಳಸುವವರಿಗೆ ಅದರ ಸುಳಿವೇ ಸಿಗದಂತೆ ಇಟ್ಟದ್ದು ಈ ತಂತ್ರಾಂಶದ ದೊಡ್ಡ ದೋಷ.

ಇನ್‌ಸ್ಟಾಲ್ ಆದಮೇಲೆ ಡೇಟಾಬೇಸ್ ಸಂಪರ್ಕ ಸಿಗದೆಹೋದರೆ ಎಲ್ಲರೂ ಮಾಡುವುದು ಒಂದೇ: ತೆಗೆದು ಮತ್ತೆ ಹಾಕುವುದು. ಇದು ಕೆಟ್ಟ ರೂಢಿ. ತಂತ್ರಾಂಶವನ್ನು ತೆಗೆದರೂ ಎಸ್‌ಕ್ಯೂಎಲ್ ಸರ್ವರ್ ಬೇರೆಯೇ ಪ್ರೋಗ್ರಾಂ ಆಗಿ ಯಂತ್ರದಲ್ಲಿ ಉಳಿಯುತ್ತದೆ. ಕೆಟ್ಟದ್ದು ಕೆಟ್ಟಂತೆಯೇ ಇರುತ್ತದೆ.

ಮೊದಲು ನೋಡಬೇಕಾದ್ದು ವಿಂಡೋಸ್‌ನ ಸರ್ವೀಸಸ್ ಪಟ್ಟಿಯನ್ನು. ಆ ಡೇಟಾಬೇಸ್ ಸರ್ವರಿನ, ಎಂಎಸ್‌ಎಸ್‌ಎಂಎಲ್‌ಬಿಐಜಡ್ (MSSMLBIZ) ಎಂಬ ಹೆಸರಿನ ಸರ್ವೀಸ್ ಅಲ್ಲಿ ಓಡುತ್ತಿದೆಯೇ? ಇಲ್ಲದಿದ್ದರೆ ಕಾರಣ ಹುಡುಕಬೇಕಾದ್ದು ಎಸ್‌ಕ್ಯೂಎಲ್ ಸರ್ವರಿನ ಎರರ್‌ಲಾಗ್ ಕಡತದಲ್ಲಿ. ಜಾಗ ಉಳಿಸಲೆಂದು ಕಂಪ್ರೆಸ್ ಮಾಡಿಟ್ಟ ಫೋಲ್ಡರಿನಲ್ಲಿ ಡೇಟಾಬೇಸ್ ಬರೆಯಲು ಎಸ್‌ಕ್ಯೂಎಲ್ ಸರ್ವರ್ ಒಪ್ಪುವುದಿಲ್ಲ. ಸರ್ವೀಸ್ ಓಡುವ ಖಾತೆಗೆ ಆ ಫೋಲ್ಡರಿನ ಮೇಲೆ ಅನುಮತಿ ಇಲ್ಲದಿದ್ದರೂ ಕೆಲಸ ನಿಲ್ಲುತ್ತದೆ. ಇವೆರಡನ್ನೂ ನೇರವಾಗಿ ಹೇಳುವ ಒಂದು ಸಾಲು ಪರದೆಯ ಮೇಲೆ ಬಂದಿದ್ದರೆ ಎಷ್ಟೋ ಜನರ ದಿನಗಳು ಉಳಿಯುತ್ತಿದ್ದವು.

ಸರ್ವೀಸ್ ಓಡುತ್ತಿದ್ದೂ ಕಚೇರಿಯ ಇನ್ನೊಂದು ಕಂಪ್ಯೂಟರಿಗೆ ಸಿಗದಿದ್ದರೆ ಟಿಸಿಪಿ/ಐಪಿ, ಫೈರ್‌ವಾಲ್ ಎರಡನ್ನೂ ನೋಡಬೇಕು. ಎಕ್ಸ್‌ಪ್ರೆಸ್ ಆವೃತ್ತಿ ಬರುವಾಗಲೇ ಹೊರಗಿನ ಸಂಪರ್ಕವನ್ನು ಮುಚ್ಚಿಕೊಂಡು ಬರುತ್ತದೆ. ಇದನ್ನು ಬೈಯುವವರು ಬಹಳ. ನಾನು ಆ ಮಾತು ಒಪ್ಪುವುದಿಲ್ಲ. 2003ರ ಜನವರಿಯಲ್ಲಿ ಸ್ಲ್ಯಾಮರ್ ವರ್ಮ್ ಯುಡಿಪಿ 1434ನೇ ಪೋರ್ಟ್ ಮೂಲಕ ಎಸ್‌ಕ್ಯೂಎಲ್ ಸರ್ವರ್ 2000 ಹಾಗೂ ಅದರ ಉಚಿತ ಕಿರು ಆವೃತ್ತಿಯಾದ ಎಂಎಸ್‌ಡಿಇ ಇದ್ದ ಯಂತ್ರಗಳಿಗೆ ನುಗ್ಗಿ, ಕೆಲವೇ ನಿಮಿಷಗಳಲ್ಲಿ ಲೋಕವೆಲ್ಲ ಹರಡಿತು. ಅದನ್ನು ತಡೆಯುವ ಪ್ಯಾಚ್ 2002ರ ಜುಲೈನಲ್ಲೇ ಬಂದಿತ್ತು. ಆದರೆ ಬೇರೆ ಬೇರೆ ತಂತ್ರಾಂಶಗಳ ಜೊತೆ ಸದ್ದಿಲ್ಲದೆ ಬಂದು ಕೂತ ಎಂಎಸ್‌ಡಿಇ ತಮ್ಮಲ್ಲಿದೆ ಎಂದೇ ಅರಿಯದವರು ಪ್ಯಾಚ್ ಹಾಕುವುದು ಹೇಗೆ? ಅಡಗಿಸಿಟ್ಟ ಸರ್ವರಿನ ಅಪಾಯ ಅಷ್ಟು ಹಿಂದೆಯೇ ಗೊತ್ತಾಗಿತ್ತು. ಬಾಗಿಲು ಮುಚ್ಚುವ ಪಾಠವನ್ನು ಕಲಿತವರು, ಒಳಗೆ ಏನಿದೆಯೆಂದು ತಿಳಿಸುವ ಪಾಠವನ್ನು ಕಲಿಯಲಿಲ್ಲ.

ಹೀಗಿರುವಾಗ ಫೈರ್‌ವಾಲನ್ನೇ ಪೂರ್ತಿ ಆರಿಸಿಬಿಡಿ ಎನ್ನುವ ಸಲಹೆ ಸುಲಭವಾದರೂ ಅಪಾಯಕಾರಿ. ಎಸ್‌ಕ್ಯೂಎಲ್ ಸರ್ವರ್, ಸರ್ವರ್ ಎಲ್ಲಿದೆಯೆಂದು ಬೇರೆ ಕಂಪ್ಯೂಟರುಗಳಿಗೆ ತಿಳಿಸುವ ಎಸ್‌ಕ್ಯೂಎಲ್ ಬ್ರೌಸರ್ ಇವೆರಡಕ್ಕೆ ಮಾತ್ರ, ಅದೂ ಕಚೇರಿಯ ಒಳಜಾಲಕ್ಕೆ ಮಾತ್ರ ಅನುಮತಿ ಕೊಟ್ಟರೆ ಸಾಕು.