ಅಡ್ಡಗಟ್ಟುವಂತಿಲ್ಲದ ಆಟ

ಎದುರಾಳಿಯ ಕೈಯಲ್ಲಿ ಚೆಂಡಿದೆ. ಕಿತ್ತುಕೊಳ್ಳುವಂತಿಲ್ಲ, ಅಡ್ಡ ನಿಲ್ಲುವಂತಿಲ್ಲ. ಅವನು ಸಂಗಡಿಗನಿಗೆ ಎಸೆದ ಪಾಸನ್ನು ನಡುವೆ ಹಾರಿ ಹಿಡಿಯುವಂತೆಯೂ ಇಲ್ಲ. ಕಬಡ್ಡಿಯ ಪಟ್ಟು ನೋಡಿ ಬೆಳೆದ ಕಣ್ಣಿಗೆ ಇದೆಂಥ ಸಪ್ಪೆ ಆಟ ಅನ್ನಿಸೀತು. ಆದರೆ ಚೂಕ್‌ಬಾಲ್‌ನ ಸ್ವಾರಸ್ಯವೆಲ್ಲ ಹುಟ್ಟುವುದು ಈ ನಿಷೇಧಗಳಿಂದಲೇ.

ಇದನ್ನು ಕಟ್ಟಿದವರು ಸ್ವಿಟ್ಜರ್ಲೆಂಡಿನ ಜಿನೀವಾದ ಜೀವವಿಜ್ಞಾನಿ ಡಾ. ಹರ್ಮನ್ ಬ್ರಾಂಟ್. ಗಾಯಗೊಂಡ ಆಟಗಾರರನ್ನು ನೋಡಿ ನೋಡಿ, ಮೈಮೇಲೆ ಬೀಳುವ ಆಟದ ರೀತಿಯೇ ಎಷ್ಟೋ ಪೆಟ್ಟುಗಳಿಗೆ ಕಾರಣ ಎಂಬ ತೀರ್ಮಾನಕ್ಕೆ ಬಂದರು. ಹ್ಯಾಂಡ್‌ಬಾಲ್‌ನ ಎಸೆತ, ಚೆಂಡು ನೆಲ ಮುಟ್ಟಬಾರದೆಂಬ ವಾಲಿಬಾಲ್‌ನ ಕಟ್ಟಳೆ, ಬಾಸ್ಕ್ ಜನರ ಪೆಲೋಟಾದಲ್ಲಿ ಗೋಡೆಗೆ ಬಡಿದು ಬರುವ ಪುಟಿತ, ಈ ಮೂರನ್ನೂ ಬೆಸೆದು ಹೊಸ ಆಟ ಮಾಡಿದರು. ತಂಡದ ಆಟಗಳನ್ನು ಕಟುವಾಗಿ ವಿಮರ್ಶಿಸಿದ ಅವರ ಪ್ರಬಂಧಕ್ಕೆ 1970ರಲ್ಲಿ ಥೂಲಿನ್ ಪ್ರಶಸ್ತಿ ಸಂದಿತು. ಮರುವರ್ಷವೇ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು.

ಅಂಗಳದ ಎರಡು ತುದಿಗಳಲ್ಲೂ ಸುಮಾರು ಒಂದು ಮೀಟರ್ ಚೌಕದ, ಹಿಂದಕ್ಕೆ ವಾಲಿದ ಚೌಕಟ್ಟು. ಅದಕ್ಕೆ ಬಿಗಿದ ಬಲೆಗೆ ಬಡಿದ ಚೆಂಡು ರಭಸದಿಂದ ಪುಟಿಯುತ್ತದೆ. ಚೌಕಟ್ಟಿನ ಮುಂದೆ ಮೂರು ಮೀಟರ್ ತ್ರಿಜ್ಯದ ಅರ್ಧವೃತ್ತ ನಿಷಿದ್ಧ ವಲಯ. ತಂಡಕ್ಕೆ ಏಳು ಜನ. ಚೆಂಡು ಹಿಡಿದವರಿಗೆ ಮೂರು ಹೆಜ್ಜೆ, ಮೂರು ಸೆಕೆಂಡು. ತಂಡಕ್ಕೆ ಮೂರು ಪಾಸು. ಇಷ್ಟರೊಳಗೆ ಬಲೆಗೆ ಎಸೆಯಬೇಕು. ಪುಟಿದ ಚೆಂಡು ಎದುರಾಳಿಗಳ ಕೈಗೆ ಸಿಗದೆ ವಲಯದ ಹೊರಗೆ, ಅಂಗಳದೊಳಗೆ ನೆಲ ಮುಟ್ಟಿದರೆ ಪಾಯಿಂಟ್. ಅವರು ಹಿಡಿದರೋ, ಆಟ ಒಂದು ಕ್ಷಣವೂ ನಿಲ್ಲದೆ ಅವರ ದಾಳಿಯಾಗಿ ತಿರುಗುತ್ತದೆ.

ಹೊಸಬರು ತಬ್ಬಿಬ್ಬಾಗುವುದು ಇಲ್ಲಿ: ಯಾವ ಚೌಕಟ್ಟೂ ಯಾರ ಸ್ವಂತದ್ದೂ ಅಲ್ಲ. ಯಾವ ತಂಡ ಬೇಕಾದರೂ ಯಾವ ತುದಿಗೆ ಬೇಕಾದರೂ ದಾಳಿ ಮಾಡಬಹುದು. ಪಾಯಿಂಟ್ ಬಿಟ್ಟುಕೊಟ್ಟ ತಂಡ ಅದೇ ಚೌಕಟ್ಟಿನ ಪಕ್ಕದಿಂದ ಆಟ ಶುರುಮಾಡುತ್ತದೆ. ನಡುಗೆರೆ ದಾಟಿದ ಮೇಲಷ್ಟೇ ಅದಕ್ಕೆ ದಾಳಿಯ ಹಕ್ಕು. ಒಂದೇ ಚೌಕಟ್ಟಿಗೆ ಎರಡೂ ತಂಡ ಸೇರಿ ಸತತ ಮೂರು ಎಸೆತಕ್ಕಿಂತ ಹೆಚ್ಚು ಎಸೆಯುವಂತಿಲ್ಲ, ಹಾಗಾಗಿ ಎಣಿಕೆ ಮೂರಕ್ಕೆ ಬಂತೆಂದರೆ ಆಟವೇ ಇನ್ನೊಂದು ತುದಿಗೆ ಓಡುತ್ತದೆ. ಹೀಗಾಗಿ ಗ್ಯಾಲರಿಯ ಯಾವ ಮೂಲೆಯಲ್ಲಿ ಕುಳಿತರೂ ನಷ್ಟವಿಲ್ಲ.

ಇನ್ನು ನೋಡುವ ಬಗೆ. ಎಸೆಯುವವನ ಮೇಲೆ ಕಣ್ಣಿಟ್ಟರೆ ಅರ್ಧ ಆಟವೇ ತಪ್ಪುತ್ತದೆ. ಒಳ್ಳೆಯ ಎಸೆತಗಾರ್ತಿ ವಲಯದ ಹೊರಗಿನಿಂದ ಒಳಕ್ಕೆ ಹಾರಿ, ನೆಲ ಮುಟ್ಟುವ ಮುನ್ನ ಚೆಂಡು ಬಿಡುತ್ತಾಳೆ, ಅದು ನಿಯಮಬದ್ಧ. ಗಾಳಿಯಲ್ಲಿರುವ ಆ ಕ್ಷಣದಲ್ಲಿ ಮಣಿಕಟ್ಟು ಕೊಂಚ ತಿರುಗಿದರೂ ಚೆಂಡು ಬೇರೆ ದಿಕ್ಕಿಗೆ ಪುಟಿಯುತ್ತದೆ. ಅರ್ಧವೃತ್ತದ ಸುತ್ತ ಮಂಡಿ ಬಾಗಿಸಿ ನಿಂತ ರಕ್ಷಕರನ್ನು ಗಮನಿಸಿ: ಅವಳ ಭುಜ, ಮೊಣಕೈ ಓದಿಯೇ ಚೆಂಡು ಎಲ್ಲಿ ಬಿದ್ದೀತೆಂದು ಊಹಿಸಿ ಮೊದಲೇ ಜರುಗುತ್ತಾರೆ. ಸೊಂಟದ ಕೆಳಗೆ ಬಂದ ಚೆಂಡಿಗೆ ಮೈಚೆಲ್ಲಿ ನೆಲಕ್ಕೆ ಉರುಳುವ ಹಿಡಿತವೇ ಈ ಆಟದ ಅತಿ ಚೆಂದದ ಗಳಿಗೆ. ನೆಟ್ಟಗೆ ದೂರಕ್ಕೆ ಚಿಮ್ಮುವ ಬಿರುಸಿನ ಎಸೆತಕ್ಕೆ ಚಪ್ಪಾಳೆ ಬೀಳುವುದು ಸಹಜ. ವಲಯದ ಗೆರೆಯಾಚೆ ಮೆಲ್ಲಗೆ ಉದುರುವ ವಂಚನೆಯ ಎಸೆತಕ್ಕೆ ಹೆಚ್ಚು ಕುಶಲತೆ ಬೇಕು.

ದಾಳಿಗೆ ಶಿಕ್ಷೆಯೂ ಉಂಟು. ಎಸೆತ ಚೌಕಟ್ಟನ್ನೇ ತಪ್ಪಿದರೆ, ಪುಟಿದದ್ದು ನಿಷಿದ್ಧ ವಲಯದಲ್ಲೋ ಅಂಗಳದಾಚೆಗೋ ಬಿದ್ದರೆ, ಎಸೆದವಳಿಗೇ ಬಡಿದರೆ ಪಾಯಿಂಟ್ ಎದುರಾಳಿಯ ಪಾಲು.

2009ರಲ್ಲಿ ಕೌಶಿಯುಂಗ್‌ನ ವಿಶ್ವ ಕ್ರೀಡಾಕೂಟದಲ್ಲಿ ಇದು ಆಹ್ವಾನಿತ ಆಟವಾಗಿತ್ತು. ಆತಿಥೇಯ ತೈವಾನ್ ಈ ಆಟದ ಘಟಾನುಘಟಿ ದೇಶ. ಮೊದಲ ಸಲ ನೋಡುವವರು ತೈವಾನ್ ತಂಡ ಆಡಿದ ಒಂದು ಪಂದ್ಯದ ವಿಡಿಯೊ ಹುಡುಕಿ, ಮೊದಲ ಹತ್ತು ನಿಮಿಷ ಸ್ಕೋರನ್ನು ಮರೆತು ರಕ್ಷಕರ ಕಾಲುಗಳನ್ನಷ್ಟೇ ನೋಡಲಿ.