ತೊಟ್ಟಿಯ ಯಜಮಾನ

ಆಫ್ರಿಕಾದ ಟ್ಯಾಂಗನ್ಯೀಕಾ ಸರೋವರದ ದಂಡೆಯ ತೆಳುನೀರಿನಲ್ಲಿ ಬದುಕುವ ಬರ್ಟನಿ ಎಂಬ ಸಿಕ್ಲಿಡ್ ಮೀನಿನಲ್ಲಿ ಗಂಡುಗಳಿಗೆ ಎರಡು ವೇಷ. ಯಜಮಾನ ಗಂಡಿನ ಮೈ ಹಳದಿ ಇಲ್ಲವೇ ನೀಲಿ, ಕಣ್ಣಿನ ಕೆಳಗೆ ಇಳಿಯುವ ಕಪ್ಪು ಪಟ್ಟಿ. ತಳದಲ್ಲಿ ಗುಂಡಿ ತೋಡಿ, ಸುತ್ತಲಿನ ಜಾಗ ಕಾಯುವುದು ಅದರ ಕೆಲಸ. ಉಳಿದ ಗಂಡುಗಳು ಮಂಕು ಬಣ್ಣದವು. ಹೆಣ್ಣುಗಳ ಹಿಂಡಿನಲ್ಲಿ ಸೇರಿಕೊಂಡರೆ ಪಳಗಿದ ಕಣ್ಣಿಗೂ ಸುಲಭಕ್ಕೆ ಸಿಗುವುದಿಲ್ಲ.

ಈ ಸ್ಥಾನ ಹುಟ್ಟಿನಿಂದ ಬಂದದ್ದಲ್ಲ. ಯಜಮಾನನನ್ನು ತೊಟ್ಟಿಯಿಂದ ಎತ್ತಿದರೆ ಕೆಳಗಿನ ಗಂಡೊಂದು ಕೆಲವೇ ನಿಮಿಷಗಳಲ್ಲಿ ಬಣ್ಣ ತಳೆದು, ಕಪ್ಪು ಪಟ್ಟಿ ಮೂಡಿಸಿಕೊಂಡು, ಇತರರನ್ನು ಅಟ್ಟತೊಡಗುತ್ತದೆ. ಮುಂದಿನ ದಿನಗಳಲ್ಲಿ ಅದರ ಮಿದುಳಿನಲ್ಲಿ ಸಂತಾನಶಕ್ತಿಯನ್ನು ನಿಯಂತ್ರಿಸುವ ನರಕೋಶಗಳು ಹಿಗ್ಗುತ್ತವೆ, ವೃಷಣಗಳು ಬಲಿಯುತ್ತವೆ. ಪಟ್ಟ ಹೋದರೆ ಇವೂ ಕುಗ್ಗುತ್ತವೆ.

ಸ್ಥಾನ ತಿಳಿಯಲು ಪ್ರತಿಯೊಬ್ಬರೊಡನೆಯೂ ಕಾದಾಡಬೇಕೆಂದಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಸೆಲ್ ಫರ್ನಾಲ್ಡ್ ಮತ್ತು ಸಂಗಡಿಗರು 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ಗಂಡುಗಳ ಜೋಡಿ ಜಗಳಗಳನ್ನು ಇನ್ನೊಂದು ಗಂಡು ಗಾಜಿನಾಚೆಯಿಂದ ನೋಡಿತು. ಆಮೇಲೆ, ಪರಸ್ಪರ ಎಂದೂ ಸೆಣಸಿರದ ಎರಡು ಮೀನುಗಳನ್ನು ಎದುರಿಗಿಟ್ಟಾಗ ಅದು ದುರ್ಬಲನ ಪಕ್ಕಕ್ಕೇ ಸರಿಯಿತು. ಮೊದಲನೆಯದು ಎರಡನೆಯದನ್ನು ಸೋಲಿಸಿದೆ, ಎರಡನೆಯದು ಮೂರನೆಯದನ್ನು ಎಂಬ ಸರಪಳಿಯಿಂದ ಅದು ಶ್ರೇಣಿಯನ್ನು ಊಹಿಸಿಕೊಂಡಿತ್ತು. ಮೀನಿನ ನೆನಪು ಮೂರು ಸೆಕೆಂಡಿನದು ಎನ್ನುವವರು ಗಮನಿಸಬೇಕಾದ ಸಂಗತಿ.

ಮನೆಯ ಅಕ್ವೇರಿಯಂನಲ್ಲಿ ತೊಂದರೆ ಹುಟ್ಟುವುದು ಸೋತ ಮೀನಿಗೆ ಓಡಿಹೋಗಲು ಜಾಗವಿಲ್ಲದಿರುವುದರಿಂದ. ಎರಡು ಮೂರು ಗಂಡುಗಳಷ್ಟೇ ಇದ್ದರೆ ಏಟೆಲ್ಲ ಕೊನೆಯವನಿಗೆ. ಮಲಾವಿ ಸರೋವರದ ಎಂಬೂನಾ ಮೀನುಗಳನ್ನು ಸಾಕುವವರು ಇದಕ್ಕೇ ದೊಡ್ಡ ತೊಟ್ಟಿಯಲ್ಲಿ ಸಂಖ್ಯೆ ಹೆಚ್ಚಿಸಿ, ಅಟ್ಟುವಿಕೆ ಹಂಚಿಹೋಗುವಂತೆ ಮಾಡುತ್ತಾರೆ. ಹಾಗೆ ಮಾಡಿದವರು ಬಲವಾದ ಫಿಲ್ಟರನ್ನೂ ವಾರವಾರದ ನೀರು ಬದಲಾವಣೆಯನ್ನೂ ತಪ್ಪಿಸುವಂತಿಲ್ಲ. ಹೊಸ ಮೀನು ಬಿಡುವಾಗ ಕಲ್ಲುಗಳ ಜಾಗ ಬದಲಿಸಿ ದೀಪ ಆರಿಸುವುದು ಇನ್ನೊಂದು ಹಳೆಯ ಉಪಾಯ: ಗಡಿಗಳು ಅಳಿಸಿಹೋಗಿ, ಹಳಬರೂ ತಮ್ಮ ಜಾಗವನ್ನು ಹೊಸದಾಗಿ ಗೊತ್ತುಮಾಡಿಕೊಳ್ಳಬೇಕಾಗುತ್ತದೆ.

ಪುಂಡನನ್ನು ಹೊರಹಾಕುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ, ಆದರೆ ಹಲವು ಸಲ ನಿಷ್ಫಲ; ಎರಡನೆಯವನು ಅಂದೇ ಆ ಸ್ಥಾನಕ್ಕೆ ಏರುತ್ತಾನೆ. ರೆಕ್ಕೆ ಹರಿದು, ಮೇಲಿನ ಮೂಲೆಯಲ್ಲಿ ನಿಂತು, ಮೇವಿಗೂ ಬಾರದ ಮೀನು ಕಂಡರೆ ಮೊದಲು ಬೇರೆ ತೊಟ್ಟಿಗೆ ಸಾಗಿಸಬೇಕಾದದ್ದು ಅದನ್ನು.